ಮಾವನ ಸಿಂಹ

ನೀರುಳ್ಳಿ ಹೆಚ್ಚಿದ ಮೇಲೆ ಎಷ್ಟು ತೊಳೆದರೂ ಕೈಗೆ ಅಂಟಿಕೊಂಡಿರುವ ಆ ವಾಸನೆ ಬಂದಾಗಲೆಲ್ಲ ನನಗೆ ಇವತ್ತಿಗೂ ರಾಣಿಬಾಗ್ ಮೃಗಾಲಯದ ಸಿಂಹದ ಬೋನು ಕಣ್ಣಮುಂದೆ ಬರುತ್ತದೆ.

ಬೊಂಬಾಯಿಯಲ್ಲಿ ಇನ್ನೂ ಟ್ರಾಮು ಓಡುತ್ತಿದ್ದ ಕಾಲ. ಸೋದರಮಾವ ಆಫ್ರಿಕಾದಲ್ಲಿ, ಕಾಡುಪ್ರಾಣಿ ನೋಡಲು ಬರುವ ದೊರೆಗಳ ಡೇರೆಯಲ್ಲಿ ಅಡುಗೆಯವರಾಗಿದ್ದರು. ರಜೆಗೆಂದು ಆಂಟಾಪ್ ಹಿಲ್‌ನ ಸಾಲುಕೋಣೆಗಳ ನಮ್ಮ ಚಾಳಿಗೆ ಬಂದರೆ ಸಂಜೆ ಬಾಗಿಲುಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಜನ ಸೇರುತ್ತಿದ್ದರು. ಮಾವ ಸಿಂಹ ಕಂಡ ದಿನ ಡೇರೆಯಲ್ಲಿ ಏನೇನು ಬೇಯಿಸಿದ್ದರೆಂದು ಸಾವಕಾಶ ವರ್ಣಿಸಿ, ಆಮೇಲಷ್ಟೇ ಕತೆಯೊಳಗೆ ಸಿಂಹವನ್ನು ಕರೆತರುತ್ತಿದ್ದರು.

ಒಂದು ಮಧ್ಯಾಹ್ನ, ಮನೆಮಂದಿಗೆಲ್ಲ ಅಡುಗೆ ಮಾಡಿ ಬಡಿಸಿ, ನನ್ನನ್ನು ರಾಣಿಬಾಗಿಗೆ ಕರೆದೊಯ್ದರು. ಬೋನಿನೊಳಗೆ ಸಿಂಹ ಆಕಳಿಸಿತು. ನೀರುಳ್ಳಿ ನಾರುವ ಅಂಗೈಯಲ್ಲಿ ನನ್ನ ಕೈ ಹಿಡಿದಿದ್ದ ಮಾವ ಒಮ್ಮೆಲೇ ಒಂದು ಹೆಜ್ಜೆ ಹಿಂದೆ ಸರಿದರು.

“ಇಷ್ಟು ದೊಡ್ಡದಿರ್ತದಾ ಮಾರಾಯ್ತಿ!”

“ನೀವು ಅಲ್ಲಿ ನೋಡಿದ್ದು ಸಣ್ಣದಾ ಮಾವ?”

“ದೊರೆಗಳು ಜೀಪು ಹತ್ತಿ ಹೋಗುವಾಗ ನಾನು ನೀರುಳ್ಳಿ ಕೊಚ್ತಾ ಕೂತಿರ್ತಿದ್ದೆ ಮಗಾ. ವಾಪಸ್ ಬಂದು ಊಟಕ್ಕೆ ಕೂತು ಮಾತಾಡ್ತಾರಲ್ಲ, ಬಡಿಸುವಾಗ ಕೇಳಿದ್ದು ಎಲ್ಲ. ಹದಿನಾಲ್ಕು ವರ್ಷ.”

ಕಾವಲುಗಾರ ಬಂದು ಗೇಟು ಹಾಕುವ ಹೊತ್ತಾಯಿತು ಎನ್ನುವವರೆಗೂ ಮಾವ ಅಲ್ಲಿಂದ ಕದಲಲಿಲ್ಲ.

ಆ ಸಂಜೆಯೂ ಗ್ಯಾಲರಿ ತುಂಬಿತ್ತು. “ನಮ್ಮ ಬೊಂಬಾಯಿ ಸಿಂಹ ಹೇಗುಂಟು?” ಎಂದು ಪಕ್ಕದ ಖೋಲಿಯ ಅಜ್ಜಿ ಕೇಳಿದರು. ಮಾವ ನನ್ನ ಮುಖ ನೋಡಿದರು.

“ಸಣ್ಣದು ಅಜ್ಜಿ,” ಅಂದೆ. “ಮಾವ ನೋಡಿದ್ದರ ಅರ್ಧ ಕೂಡ ಇಲ್ಲ.”