ಗಂಡಸಿನ ಎದೆನೋವು

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಚಂದ್ರಮತಿ ಎದೆನೋವೆಂದು ಆಸ್ಪತ್ರೆಗೆ ಬಂದಳು. ಡಾಕ್ಟರು ತಲೆಯೆತ್ತಿಯೂ ನೋಡಲಿಲ್ಲ.

“ಗ್ಯಾಸು. ಈ ವಯಸ್ಸಿನ ಹೆಂಗಸರದ್ದು ದಿನಾ ಇದೇ ಗೋಳು. ಮಾತ್ರೆ ಬರೆದಿದ್ದೀನಿ, ಹೋಗಮ್ಮ.”

“ಒಂದ್ಸಲ ಪರೀಕ್ಷೆ ಮಾಡಿ ಸರ್.”

“ಮನೇಲಿ ಜಗಳ ಆಡ್ಕೊಂಡು ಬಂದ್ರೆ ಎದೆ ನೋಯದೆ ಇನ್ನೇನಾಗುತ್ತೆ? ಮುಂದಿನವರು ಬನ್ನಿ.”

ಅವಳು ಏಳಲಿಲ್ಲ.

“ಹೊರಗೆ ನಮ್ಮ ಯಜಮಾನ್ರು ಕೂತಿದ್ದಾರೆ ಸರ್. ಬೆಳಿಗ್ಗೆಯಿಂದ ಎದೆ ಹಿಂಡ್ತಿದೆ, ಎಡಗೈ ಸೆಳೀತಿದೆ, ಮೈಯೆಲ್ಲ ಬೆವರು.”

ಡಾಕ್ಟರು ದಡಬಡಿಸಿ ಎದ್ದರು.

“ಇದನ್ನ ಮೊದಲೇ ಹೇಳಬಾರ್ದಾ? ಸಿಸ್ಟರ್, ಇಸಿಜಿ ರೆಡಿ ಮಾಡಿ. ಎಲ್ಲಿ ಅವರು? ಕರ್ಕೊಂಡು ಬಂದು ಮಲಗಿಸಿ.”

ಚಂದ್ರಮತಿ ಮೆಲ್ಲಗೆ ಎದ್ದು, ತಾನೇ ಹೋಗಿ ಮಂಚದ ಮೇಲೆ ಮಲಗಿದಳು.

“ಅವರಿಗೇನೂ ಆಗಿಲ್ಲ ಸರ್. ಈಗ ಹೇಳಿದ್ದೆಲ್ಲ ನನಗೇ ಆಗ್ತಿರೋದು.”