ಮೊದಲ ಗೆರೆ

ಸ್ಕೀಗಳ ತಳಕ್ಕೆ ಜಾರದ ಪಟ್ಟಿ ಅಂಟಿಸಿಕೊಂಡು ಬೆಳಗಿನಿಂದ ಏದುಸಿರು ಬಿಡುತ್ತ ಹತ್ತಿದ ಶ್ರೀಕಂಠ ಮತ್ತು ಅವನ ಹೆಂಡತಿ ರೇವತಿ ಕೊನೆಗೂ ಬೆಟ್ಟದ ನೆತ್ತಿ ಮುಟ್ಟಿದರು. ಎದುರಿನ ಇಳಿಜಾರಿನಲ್ಲಿ ರಾತ್ರಿ ಬಿದ್ದ ಹಿಮ ಜರಡಿ ಹಿಡಿದ ಅಕ್ಕಿಹಿಟ್ಟಿನಂತೆ ಹರಡಿತ್ತು. ಒಂದು ಕಾಗೆಯ ಹೆಜ್ಜೆಯೂ ಇರಲಿಲ್ಲ. ಅಂಥ ಹಿಮದ ಮೇಲೆ ಮೊದಲ ಗೆರೆ ಎಳೆಯುವುದಕ್ಕಾಗಿ ಸ್ಕೀ ಹುಚ್ಚಿನವರು ಒಡಹುಟ್ಟಿದವರ ಜೊತೆಗೂ ಜಗಳಕ್ಕೆ ನಿಲ್ಲುತ್ತಾರೆ.

ರೇವತಿ ಕೋಲಿನಿಂದ ಹಿಮವನ್ನು ಚುಚ್ಚಿ ಚುಚ್ಚಿ ನೋಡಿದಳು. "ರೀ, ಮೊದ್ಲು ನೀವೇ ಇಳೀರಿ."

"ನೀನು?"

"ನಾನು ಆಮೇಲೆ ಬರ್ತೀನಿ. ಹೋಗಿ, ಸಂಕೋಚ ಬೇಡ."

ಶ್ರೀಕಂಠನ ಕಣ್ಣು ತುಂಬಿಬಂತು. ಮನೆಯಲ್ಲೂ ಹೀಗೇ. ಮದುವೆಯಾದಂದಿನಿಂದ ಹೆಂಚಿನಿಂದ ಎದ್ದ ಮೊದಲ ದೋಸೆ ಅವನ ತಟ್ಟೆಗೇ ಬೀಳುತ್ತಿತ್ತು. ಅದು ಒಮ್ಮೊಮ್ಮೆ ಹರಿದಿರುತ್ತಿತ್ತು, ಒಮ್ಮೊಮ್ಮೆ ಸೀದಿರುತ್ತಿತ್ತು, ಅದು ಬೇರೆ ಮಾತು. ಇಂಥ ಭಾಗ್ಯ ಯಾರಿಗುಂಟು ಯಾರಿಗಿಲ್ಲ!

ಸ್ಕೀ ತಳದ ಪಟ್ಟಿಗಳನ್ನು ಕಿತ್ತು ಚೀಲಕ್ಕೆ ತುರುಕಿ, ಹೋ ಎಂದು ಕೂಗುತ್ತ, ಸೊಂಟದೆತ್ತರ ಹಿಮ ಎರಚುತ್ತ ಅವನು ಇಳಿದೇ ಇಳಿದ. ತಳ ಮುಟ್ಟಿದವನೇ ವಾಕಿಟಾಕಿ ಬಾಯಿಗೆ ಹಿಡಿದ.

"ರೇವತಿ, ನಿನ್ನ ಋಣ ಹೇಗೆ ತೀರಿಸ್ಲಿ? ದೋಸೆ ಇರ್ಲಿ, ಹಿಮ ಇರ್ಲಿ, ಮೊದಲನೇದು ನಂಗೇ ಕೊಡ್ತೀಯಲ್ಲ!"

"ಅದಿರ್ಲಿ, ಹಿಮ ಎಲ್ಲೂ ಬಿರುಕು ಬಿಡ್ಲಿಲ್ವಾ? ಕುಸೀಲಿಲ್ವಾ?"

"ಇಲ್ವಲ್ಲ, ಯಾಕೆ?"

"ಹಾಗಾದ್ರೆ ಹೆಂಚು ಹದಕ್ಕೆ ಬಂದಿದೆ. ಇರಿ, ಈಗ ನಾನು ಬರ್ತೀನಿ."