ಜಯಶೀಲಮ್ಮ ಕೊಟ್ಟ ಅಳತೆ

ಮೈಸೂರಿನ ಒಂದು ಕ್ಯಾನ್ಸರ್ ಆಸ್ಪತ್ರೆ...

ನಂಜನಗೂಡಿನ ಟೈಲರ್ ಜಯಶೀಲಮ್ಮನ ಮಂಚದ ಪಕ್ಕ ಡಾಕ್ಟರ್ ನಫೀಸಾ ಬಂದು ಕೂತರು. ಇವರು ಚಿಕಿತ್ಸೆ ಕೊಡುವ ಡಾಕ್ಟರಲ್ಲ, ಲ್ಯಾಬಿನಲ್ಲಿ ಹೊಸ ಔಷಧಿ ಹುಡುಕುವವರು.

ಜಯಶೀಲಮ್ಮನಿಗೆ ಸ್ತನ ಕ್ಯಾನ್ಸರ್. ಬಹಳ ವೇಗವಾಗಿ ಹರಡುವ ಜಾತಿಯದು. ಕೀಮೋ ಮುಗಿದ ಮೇಲೂ ಮತ್ತೆ ಬಂದಿತ್ತು.

"ಅಮ್ಮಾ, ಗಡ್ಡೆಯೊಳಗೆ ಒಂದು ಜೀನ್ 'ಬೆಳಿ, ಬೆಳಿ' ಅಂತ ಕೂಗ್ತಾನೇ ಇರುತ್ತೆ. ಅದೊಂದರ ಬಾಯಿ ಮಾತ್ರ ಮುಚ್ಚಿಸೋ ಔಷಧಿ ಮಾಡ್ತಿದ್ದೀವಿ. ಮಿಕ್ಕ ಮೈಗೆ ತೊಂದ್ರೆ ಆಗಬಾರದು..."

"ನಮ್ಮೆಜಮಾನ್ರಿಗೂ ಅಂಥದ್ದೊಂದಿದ್ರೆ ಕೊಡವ್ವ," ಅಂದರು ಜಯಶೀಲಮ್ಮ.

ಫ್ಲಾಸ್ಕ್ ಹಿಡಿದು ನಿಂತಿದ್ದ ಗಂಡ ರಾಚಪ್ಪ ನಗಲಿಲ್ಲ.

"ಅದಕ್ಕೆ, ಈಗ ಮತ್ತೆ ಬಂದಿರೋ ಗಡ್ಡೆಯಿಂದ ಒಂದು ಚೂರು ಬೇಕು. ಕೀಮೋಗೂ ಸಾಯದೆ ಉಳಿದದ್ದು ಅದು. ಅದರ ಮೇಲೆ ನಮ್ಮ ಔಷಧಿ ಪರೀಕ್ಷೆ ಮಾಡದೆ ಮುಂದೆ ಹೋಗೋಕಾಗಲ್ಲ."

"ಕೊಟ್ರೆ ಇವ್ಳು ಉಳ್ಕತಾಳಾ?" ರಾಚಪ್ಪ ಕೇಳಿದರು.

ನಫೀಸಾಗೆ ಆ ಚೂರು ಬೇಕೇ ಬೇಕಿತ್ತು. 'ನೋಡೋಣ' ಅಂದಿದ್ದರೆ ಸಾಕಿತ್ತು...

ಅವರು ಹಾಗೆ ಹೇಳಲಿಲ್ಲ.

"ಇಲ್ಲ. ಔಷಧಿ ರೋಗಿಗಳ ಕೈಗೆ ಬರೋಕೆ ಇನ್ನೂ ಎಷ್ಟೋ ವರ್ಷ ಬೇಕು. ಅಮ್ಮನಿಗೆ ಸಿಗಲ್ಲ. ಇನ್ನೊಂದು ಸಲ ಸೂಜಿ ಚುಚ್ಚಿಸಿಕೊಂಡ ನೋವು ಮಾತ್ರ ಸಿಗುತ್ತೆ."

"ಹಂಗಾದ್ರೆ ಬ್ಯಾಡ. ಇವ್ಳಿಗೆ ಚುಚ್ಚಿದ್ದು ಸಾಕು. ನೀವಿನ್ನು ಹೋಗಿ ಡಾಕ್ಟ್ರೇ."

ನಫೀಸಾ ಎದ್ದರು. ಜಯಶೀಲಮ್ಮ ಅವರ ಕೈ ಹಿಡಿದರು.

"ಕೂತ್ಕೊ ಮಗಾ. ರೀ, ಸುಮ್ಕಿರಿ ನೀವು. ಇವ್ಳು ಕೇಳ್ತಿರೋದು ಅಳತೆ ಬ್ಲೌಸು."

ಇಬ್ಬರಿಗೂ ಅರ್ಥವಾಗಲಿಲ್ಲ.

"ಮದ್ವೆ ಮನೆಯೋರು ಬಟ್ಟೆ ತರ್ತಾರೆ. ತಂಗಿ ದೂರದೂರಲ್ಲಿರ್ತಾಳೆ, ಅಳತೆ ಕೊಡಕ್ಕೆ ಬರಕ್ಕಾಗಲ್ಲ. ಆಗ ಅಕ್ಕನ ಬ್ಲೌಸ್ ಮುಂದಿಟ್ಕಂಡು ತಂಗಿಗೆ ಹೊಲಿತೀನಿ. ಅಳತೆನೇ ಇಲ್ದೆ ಕತ್ರಿ ಹಾಕಿದ್ರೆ ಬಟ್ಟೆ ಹಾಳು."

ಒಂದು ಕ್ಷಣ ಸುಧಾರಿಸಿಕೊಂಡು ಹೇಳಿದರು...

"ನನ್ ಹಿಂದೆ ಈ ಮಂಚಕ್ಕೆ ಬರೋಳು ಯಾವಳೋ ಒಬ್ಳು ತಂಗಿ. ಅವಳಿಗೆ ಹೊಲಿ. ಅಳತೆ ನಂದು ತಗೊಳವ್ವ."

ರಾಚಪ್ಪ ಗೋಡೆಯ ಕಡೆ ತಿರುಗಿ ನಿಂತರು.

ಸ್ವಲ್ಪ ಹೊತ್ತಾದ ಮೇಲೆ, ಹೆಂಡತಿಗೆಂದು ತಂದಿದ್ದ ಟೀಯನ್ನು ಎರಡು ಲೋಟಕ್ಕೆ ಹಂಚಿ, ಒಂದನ್ನು ನಫೀಸಾ ಕೈಗಿಟ್ಟರು.

ಲೋಟ ನಡುಗುತ್ತಿತ್ತು... ನಫೀಸಾ ಅಳುತ್ತಿದ್ದರು.

"ಅಳ್ಬೇಡ ಮಗಾ," ಅಂದರು ಜಯಶೀಲಮ್ಮ. "ಕತ್ರಿ ಹಿಡಿಯೋ ಕೈ ನಡುಗಬಾರ್ದು."

ಇಂದು ಜಯಶೀಲಮ್ಮ ಇಲ್ಲ. ಔಷಧಿಯೂ ಇನ್ನೂ ಸಿದ್ಧವಾಗಿಲ್ಲ. ಆದರೆ ಅವರು ಕೊಟ್ಟ ಆ ಚೂರಿನಲ್ಲಿ, ಲ್ಯಾಬಿನ ಪುಟ್ಟ ತಟ್ಟೆಯೊಂದರಲ್ಲಿ, ಆ ಜೀನಿನ ಕೂಗು ಮೊದಲ ಸಲ ನಿಂತಿದೆ. ನಫೀಸಾ ಈಗ ಮುಂದಿನ ಹಂತದ ಕೆಲಸದಲ್ಲಿದ್ದಾರೆ.

*ನಾವು ನುಂಗುವ ಒಂದೊಂದು ಮಾತ್ರೆಯ ಹಿಂದೆಯೂ, ಅದು ತನಗೆ ಸಿಗದು ಎಂದು ಗೊತ್ತಿದ್ದೂ ಒಪ್ಪಿಕೊಂಡ ಯಾರೋ ಒಬ್ಬರಿರುತ್ತಾರೆ.*

ಎಂದೂ ನಮ್ಮ ಕೈಗೆ ಬಾರದ ಒಂದು ಒಳ್ಳೆಯದಕ್ಕೆ, ನಾವಾಗಿದ್ದರೆ ಹೂಂ ಅನ್ನುತ್ತಿದ್ದೆವಾ?